ಕೊಳೆಯದೆ ಉಳಿಯುವ ಲೋಹ: ಕೈಗಾರಿಕಾ ಕೆಸರು ಮತ್ತು ಕಾಂಪೋಸ್ಟಿನ ಚರಿತ್ರೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು - ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳ ಹಳ್ಳಿಗಳಿಗೆ ಹೋದರೆ ಊರಂಚಿನಲ್ಲಿ ತಿಪ್ಪೆಗಳು ಕಾಣಸಿಗುತ್ತವೆ. ದನದ ಸಗಣಿ, ಗಂಜಲದಲ್ಲಿ ನೆಂದ ಹುಲ್ಲು, ಗೋವಿನಜೋಳದ ದಂಟು, ಒಲೆಯ ಬೂದಿ, ಅಂಗಳದ ಕಸ ಎಲ್ಲವೂ ಅಲ್ಲಿಗೆ ಸೇರುತ್ತವೆ. ಮುಂಗಾರಿಗೆ ಮುಂಚೆ ಅದು ಚಕ್ಕಡಿಯನ್ನೋ ಟ್ರ್ಯಾಕ್ಟರನ್ನೋ ಏರಿ ಹೊಲ ಸೇರುತ್ತದೆ. ತಿಪ್ಪೆಗೆ ಬಂದದ್ದರಲ್ಲಿ ಬಹುಪಾಲು ಹೊಲದಿಂದಲೇ ಬಂದದ್ದು. ಕೊಳೆತು ಮತ್ತೆ ಹೊಲಕ್ಕೇ ಮರಳುತ್ತದೆ. ಆದ್ದರಿಂದ ಕೊಳೆತ ವಸ್ತು ಶುದ್ಧವಾದದ್ದು, ಮಣ್ಣಿಗೆ ಹಿತವಾದದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ.

ಈ ತಿಪ್ಪೆಗೆ ಒಂದು ಕಾರ್ಖಾನೆಯ ತ್ಯಾಜ್ಯನೀರಿನ ಶುದ್ಧೀಕರಣ ಘಟಕದಲ್ಲಿ ತಳ ಸೇರಿದ ಕೆಸರನ್ನು ಸೇರಿಸಿದರೆ ಏನಾಗುತ್ತದೆ? ಆ ಕೆಸರಿನಲ್ಲಿ ಸಾರಜನಕ, ರಂಜಕ, ಜೈವಿಕ ವಸ್ತು ಇರಬಹುದು. ಅದರೊಂದಿಗೆ ಸತು, ಸೀಸ, ಕ್ಯಾಡ್ಮಿಯಮ್, ಕ್ರೋಮಿಯಮ್, ನಿಕೆಲ್ ಮುಂತಾದ ಭಾರಲೋಹಗಳೂ ಇರಬಹುದು. ಕೆಲವು ತಿಂಗಳು ಕೊಳೆಯಿಸಿದರೆ ದುರ್ವಾಸನೆ ಹೋಗಿ, ಕಪ್ಪಗೆ, ಪುಡಿಪುಡಿಯಾಗಿ, ಒಳ್ಳೆಯ ಗೊಬ್ಬರದಂತೆಯೇ ಕಾಣುತ್ತದೆ. ಹಾಗೆ ಕಾಣುವುದು ನಿಜಕ್ಕೂ ಗೊಬ್ಬರವೇ? ಈ ಪ್ರಶ್ನೆಗೆ ವಿಜ್ಞಾನ ಉತ್ತರ ಕಂಡುಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳು ಕರ್ನಾಟಕದಲ್ಲೇ ನಡೆದಿವೆ.

ಇಂದೋರಿನಿಂದ ಬೆಂಗಳೂರಿಗೆ

ತಿಪ್ಪೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ ಆಲ್ಬರ್ಟ್ ಹೊವಾರ್ಡ್ ಪ್ರಮುಖರು. ಇಂದೋರಿನಲ್ಲಿ ಸಸ್ಯೋದ್ಯಮ ಸಂಸ್ಥೆಯನ್ನು ನಡೆಸುತ್ತಿದ್ದ ಅವರು ಯಶವಂತ ವಾಡ್ ಅವರೊಡನೆ ಕೂಡಿ ರೂಪಿಸಿದ ವಿಧಾನ 1931ರಲ್ಲಿ ಪುಸ್ತಕವಾಗಿ ಹೊರಬಂತು. ಕಸಕಡ್ಡಿ, ಸಗಣಿ, ಮಣ್ಣುಗಳನ್ನು ಪದರಪದರವಾಗಿ ಒಟ್ಟಿ, ಆಗಾಗ ತಿರುವಿಹಾಕಿ ಗಾಳಿಯಾಡಿಸುವುದೇ 'ಇಂದೋರ್ ವಿಧಾನ'. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ರಾಶಿಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ.

ತಿರುವಿಹಾಕಲು ಆಳುಗಳು ಬೇಕು. ಪೇಟೆಪಟ್ಟಣಗಳ ಕಸ ಹಾಗೂ ಮಲವನ್ನು ವಿಲೇವಾರಿ ಮಾಡಬೇಕಾದ ಪುರಸಭೆಗಳಿಗೆ ಅದು ಕಷ್ಟವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು. ಸುಮಾರು ಒಂದು ಮೀಟರ್ ಆಳದ ಕಂದಕದಲ್ಲಿ ಕಸ ಮತ್ತು ಮಲವನ್ನು ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ ಬಿಟ್ಟುಬಿಡುವುದು. ಮೊದಲ ಕೆಲವು ದಿನ ಗಾಳಿಯ ಸಹಾಯದಿಂದ, ಆನಂತರ ಗಾಳಿಯಿಲ್ಲದೆ ಕೊಳೆಯುವ ಕ್ರಿಯೆ ನಡೆದು ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಸಾರಜನಕದ ನಷ್ಟವೂ ಕಡಿಮೆ. ಇದು 'ಬೆಂಗಳೂರು ವಿಧಾನ' ಎಂಬ ಹೆಸರಿನಿಂದ ಇಂದಿಗೂ ಕೃಷಿ ಪಠ್ಯಪುಸ್ತಕಗಳಲ್ಲಿದೆ.

ಈ ಎರಡೂ ವಿಧಾನಗಳನ್ನು ರೂಪಿಸಿದವರ ಚಿಂತೆ ಮೂರು: ಸಾರಜನಕವನ್ನು ಉಳಿಸುವುದು, ರೋಗಾಣುಗಳನ್ನು ಕೊಲ್ಲುವುದು, ದುರ್ವಾಸನೆಯನ್ನು ತಡೆಯುವುದು. ಲೋಹಗಳ ಮಾತು ಅಲ್ಲಿ ಮುಖ್ಯವಾಗಿರಲಿಲ್ಲ. ಅಂದಿನ ತಿಪ್ಪೆಗೆ ಲೋಹ ಬರುವ ದಾರಿಗಳೂ ಕಡಿಮೆಯೇ ಇದ್ದವು.

ಕೆಸರಿಗೆ ಬೆಲೆ ಬಂದ ಬಗೆ

ಇನ್ನೊಂದು ಎಳೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರಂಭವಾಗುತ್ತದೆ. ಚರಂಡಿ ನೀರಿಗೆ ಗಾಳಿ ಊದಿ, ತಳ ಸೇರುವ ಕೆಸರನ್ನು ಎಸೆಯದೆ ಮತ್ತೆ ಮತ್ತೆ ಬಳಸಿದರೆ ನೀರು ಬೇಗ ಶುದ್ಧವಾಗುತ್ತದೆ ಎಂಬುದನ್ನು ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದರು. ಆ ಕೆಸರು ಜೀವಂತ ಸೂಕ್ಷ್ಮಜೀವಿಗಳ ಸಮೂಹ. ಈ 'ಚುರುಕು ಕೆಸರಿನ ವಿಧಾನ' ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅವರಿಬ್ಬರಿಗೆ ಪ್ರೇರಣೆ ನೀಡಿದವರು ಗಿಲ್ಬರ್ಟ್ ಫೌಲರ್. ಇದೇ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಜೀವರಸಾಯನ ವಿಜ್ಞಾನಕ್ಕೆ ಬುನಾದಿ ಹಾಕಿದರು. ನಗರದ ಹೊಲಸಿನಲ್ಲಿರುವ ಸಾರಜನಕವನ್ನು ಹೊಲಕ್ಕೆ ಮರಳಿಸುವುದು ಅವರ ಜೀವಮಾನದ ಆಸಕ್ತಿಯಾಗಿತ್ತು. ಆಚಾರ್ಯರ ಕೆಲಸ ನಡೆದದ್ದೂ ಈ ಪರಂಪರೆಯಲ್ಲೇ.

ಅಮೆರಿಕದ ಮಿಲ್ವಾಕೀ ನಗರ 1926ರಿಂದ ತನ್ನ ಚುರುಕು ಕೆಸರನ್ನು ಒಣಗಿಸಿ, ಚೀಲಕ್ಕೆ ತುಂಬಿ, 'ಮಿಲೋರ್ಗನೈಟ್' ಎಂಬ ಹೆಸರಿನಲ್ಲಿ ಗೊಬ್ಬರವಾಗಿ ಮಾರತೊಡಗಿತು. ತ್ಯಾಜ್ಯ ಸರಕಾಯಿತು. ಆದರೆ ನಗರದ ಚರಂಡಿಯಲ್ಲಿ ಹರಿಯುವುದು ಮನುಷ್ಯರ ಹೊಲಸು ಮಾತ್ರವಲ್ಲ. ಲೋಹದ ಲೇಪನ ಮಾಡುವ ಕಾರ್ಯಾಗಾರ, ಚರ್ಮ ಹದಮಾಡುವ ಘಟಕ, ಬ್ಯಾಟರಿ ಮತ್ತು ಬಣ್ಣದ ಕಾರ್ಖಾನೆಗಳ ನೀರೂ ಅದಕ್ಕೇ ಸೇರುತ್ತದೆ. ಶುದ್ಧೀಕರಣ ಘಟಕ ನೀರನ್ನು ಶುದ್ಧಗೊಳಿಸುವುದೆಂದರೆ ನೀರಿನಲ್ಲಿದ್ದ ಲೋಹವನ್ನು ಕೆಸರಿಗೆ ವರ್ಗಾಯಿಸುವುದು ಎಂದೇ ಅರ್ಥ. ನೀರು ಎಷ್ಟು ಚೊಕ್ಕಟವಾದರೆ ಕೆಸರು ಅಷ್ಟು ಲೋಹಮಯವಾಗುತ್ತದೆ.

ವೋಬರ್ನಿನ ಪಾಠ

ಕೆಸರಿನ ಗೊಬ್ಬರ ನೆಲಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ದೊರೆತದ್ದು ಅನಿರೀಕ್ಷಿತವಾಗಿ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ವೋಬರ್ನ್ ಎಂಬಲ್ಲಿ 1942ರಲ್ಲಿ ತರಕಾರಿ ಬೆಳೆಯ ಪ್ರಯೋಗವೊಂದನ್ನು ಆರಂಭಿಸಿದರು. ಕೆಲವು ತಾಕುಗಳಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಚರಂಡಿ ಕೆಸರು, ಇನ್ನು ಕೆಲವಕ್ಕೆ ಕೆಸರಿನಿಂದ ಮಾಡಿದ ಕಾಂಪೋಸ್ಟ್. ಉದ್ದೇಶ ಸರಳವಾಗಿತ್ತು: ಜೈವಿಕ ಗೊಬ್ಬರದಿಂದ ಮಣ್ಣಿನ ಫಲವತ್ತತೆ ಎಷ್ಟು ಹೆಚ್ಚುತ್ತದೆ ಎಂದು ಅಳೆಯುವುದು. 1961ರಲ್ಲಿ ಕೆಸರು ಹಾಕುವುದನ್ನು ನಿಲ್ಲಿಸಲಾಯಿತು.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 1980ರ ದಶಕದಲ್ಲಿ, ಅದೇ ಮಣ್ಣನ್ನು ಪರೀಕ್ಷಿಸಿದಾಗ ಎರಡು ಸಂಗತಿಗಳು ಕಂಡುಬಂದವು. ಹಾಕಿದ ಜೈವಿಕ ವಸ್ತುವಿನ ದೊಡ್ಡ ಭಾಗ ಕೊಳೆತು ಹೋಗಿತ್ತು. ಆದರೆ ಸತು, ತಾಮ್ರ, ಕ್ಯಾಡ್ಮಿಯಮ್‌ಗಳ ಬಹುಪಾಲು ಮೇಲ್ಮಣ್ಣಿನಲ್ಲೇ ಉಳಿದಿತ್ತು. ಎರಡನೆಯದು ಇನ್ನೂ ಮುಖ್ಯ. ಆ ತಾಕುಗಳಲ್ಲಿ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡ ಸೊರಗುತ್ತಿತ್ತು. ಗಾಳಿಯ ಸಾರಜನಕವನ್ನು ಸ್ಥಿರೀಕರಿಸಬೇಕಿದ್ದ ರೈಜೋಬಿಯಮ್ ಬ್ಯಾಕ್ಟೀರಿಯಗಳ ಸಮರ್ಥ ತಳಿಗಳು ಲೋಹದ ಮಣ್ಣಿನಲ್ಲಿ ಅಳಿದಿದ್ದವು. ಗಿಡಕ್ಕೆ ನೇರವಾಗಿ ವಿಷವಾಗುವ ಮೊದಲೇ ಲೋಹ ಮಣ್ಣಿನ ಸೂಕ್ಷ್ಮಜೀವಿಗಳನ್ನು ತಟ್ಟಿತ್ತು.

ಹೆಸರು, ತೊಗರಿ, ಶೇಂಗಾ, ಸೋಯಾ ಅವರೆ ಬೆಳೆಯುವ ನಮ್ಮ ಸೀಮೆಗೆ ಈ ಪಾಠ ದೂರದ್ದಲ್ಲ. ಈ ಬೆಳೆಗಳ ಬೇರುಗಂಟುಗಳಲ್ಲಿ ಕೆಲಸ ಮಾಡುವುದೂ ಇಂಥ ಬ್ಯಾಕ್ಟೀರಿಯಗಳೇ.

ಜಿಂಜು ನದಿಯ ಗದ್ದೆಗಳು

ಮಣ್ಣಿನ ಲೋಹ ಮನುಷ್ಯನನ್ನು ತಟ್ಟಿದ ಘೋರ ಪ್ರಸಂಗ ಜಪಾನಿನದು. ತೋಯಾಮ ಪ್ರಾಂತದ ಜಿಂಜು ನದಿಯ ಮೇಲ್ಭಾಗದಲ್ಲಿ ಕಮಿಯೋಕ ಎಂಬ ಸತು-ಸೀಸದ ಗಣಿಯಿತ್ತು. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಮ್ ಜೊತೆಗಾರನಂತೆ ಇರುತ್ತದೆ. ಗಣಿಯ ತ್ಯಾಜ್ಯ ನದಿಗೆ ಸೇರಿ, ನದಿಯ ನೀರು ಭತ್ತದ ಗದ್ದೆಗೆ ಹರಿದು, ಅಕ್ಕಿಯ ಮೂಲಕ ಜನರ ಮೈ ಸೇರಿತು. ಮೂತ್ರಪಿಂಡ ಕೆಟ್ಟು, ಮೂಳೆಗಳು ಮೆತ್ತಗಾಗಿ ಮುರಿಯುವ ಆ ಕಾಯಿಲೆಗೆ 'ಇತಾಯಿ-ಇತಾಯಿ' ಎಂದು ಹೆಸರಾಯಿತು. 'ನೋವು, ನೋವು' ಎಂದು ಅದರ ಅರ್ಥ. ಇದು ಕ್ಯಾಡ್ಮಿಯಮ್‌ನಿಂದ ಬಂದ ಕಾಯಿಲೆಯೆಂದು ಜಪಾನ್ ಸರ್ಕಾರ ಒಪ್ಪಿದ್ದು 1968ರಲ್ಲಿ. ಕೆಟ್ಟ ಗದ್ದೆಗಳ ಮಣ್ಣನ್ನು ಬದಲಿಸುವ ಕೆಲಸ 1979ರಲ್ಲಿ ಆರಂಭವಾಗಿ 2012ರವರೆಗೆ ನಡೆಯಿತು. ಮಣ್ಣಿಗೆ ಸೇರಿದ ಲೋಹವನ್ನು ತೆಗೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಈ 33 ವರ್ಷಗಳೇ ಸಾಕ್ಷಿ.

ನಮ್ಮ ಸೀಮೆಯ ಅನುಭವ

ಈಗ ನಮ್ಮ ನಾಡಿಗೆ ಬರೋಣ. ಈ ನಾಲ್ಕು ತಾಲ್ಲೂಕುಗಳು 1997ರ ತನಕ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಯ ಅವಳಿ ನಗರ ಹುಬ್ಬಳ್ಳಿ-ಧಾರವಾಡದಲ್ಲಿ ಊರ ಕಸವನ್ನು ಗುಂಡಿಗಳಲ್ಲಿ ಕೊಳೆಯಿಸಿ, ಆ ಗುಂಡಿಗಳನ್ನು ರೈತರಿಗೆ ಹರಾಜು ಹಾಕುವ ಪದ್ಧತಿ ಬಹುಕಾಲ ನಡೆದಿತ್ತು. ಸುತ್ತಲಿನ ಹಳ್ಳಿಗಳ ರೈತರು ಹಣ ಕೊಟ್ಟು ಕಸ ಕೊಂಡೊಯ್ಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಸದ ಸ್ವರೂಪವೇ ಬದಲಾಯಿತು. ಪ್ಲಾಸ್ಟಿಕ್, ಗಾಜು, ಆಸ್ಪತ್ರೆಯ ತ್ಯಾಜ್ಯ ಹೆಚ್ಚಿದಂತೆ ಕೊಳ್ಳುವವರು ಹಿಂಜರಿದರು. ಗಾಜು, ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತವೆ, ರೈತ ಬೇಡವೆನ್ನಬಹುದು. ಕ್ಯಾಡ್ಮಿಯಮ್ ಕಣ್ಣಿಗೆ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲೇ.

ಅದೇ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ಮರದಿಂದ ರೇಯಾನ್ ದರ್ಜೆಯ ತಿರುಳು ತಯಾರಾಗುತ್ತದೆ; ತಿರುಳಿನಿಂದ ವಿಸ್ಕೋಸ್ ನೂಲು ತೆಗೆಯುವ ಘಟಕವೂ ಅದೇ ಊರಿನಲ್ಲಿ ಬಂತು. ಇದರ ರಸಾಯನ ವಿಜ್ಞಾನ ವಿದ್ಯಾರ್ಥಿಗಳಿಗೆ ಉಪಯುಕ್ತ. ತಿರುಳನ್ನು ಕಾಸ್ಟಿಕ್ ಸೋಡ ಮತ್ತು ಇಂಗಾಲದ ಡೈಸಲ್ಫೈಡ್‌ಗಳಿಂದ ಸಂಸ್ಕರಿಸಿ ದ್ರಾವಣ ಮಾಡುತ್ತಾರೆ. ಆ ದ್ರಾವಣವನ್ನು ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲ, ಸೋಡಿಯಮ್ ಸಲ್ಫೇಟ್, ಸತುವಿನ ಸಲ್ಫೇಟ್‌ಗಳಿರುವ ತೊಟ್ಟಿಗೆ ಚಿಮ್ಮಿಸಿದರೆ ನೂಲು ಮೂಡುತ್ತದೆ. ಸತು ಈ ಕ್ರಿಯೆಯ ವೇಗವನ್ನು ತಗ್ಗಿಸಿ ನೂಲಿಗೆ ಬಲ ಕೊಡುತ್ತದೆ. ಆದ್ದರಿಂದ ಜಗತ್ತಿನ ಯಾವುದೇ ವಿಸ್ಕೋಸ್ ಕಾರ್ಖಾನೆಯ ತ್ಯಾಜ್ಯನೀರಿನಲ್ಲಿ ಸತುವನ್ನು ಗಮನಿಸಬೇಕಾಗುತ್ತದೆ. ಸುಣ್ಣ ಬೆರೆಸಿದರೆ ಅದು ಸತುವಿನ ಹೈಡ್ರಾಕ್ಸೈಡ್ ಆಗಿ ಕೆಸರಿನಲ್ಲಿ ತಳ ಸೇರುತ್ತದೆ.

ತುಂಗಭದ್ರೆಯ ನೀರು ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ನದಿಯ ಕೆಳದಂಡೆಯ ಹಳ್ಳಿಗಳವರು 1980ರ ದಶಕದ ಮಧ್ಯದಲ್ಲಿ ಚಳವಳಿ ನಡೆಸಿದರು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅವರೊಡನಿತ್ತು. ಅದೇ ಕಾಲಕ್ಕೆ ಕಾರ್ಖಾನೆಗೆ ಬೇಕಾದ ಮರದ ಪ್ರಶ್ನೆಯೂ ಎದ್ದಿತು. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ರಚಿಸಿದವು. ನೀಲಗಿರಿ ಬೆಳೆಸಲು ಧಾರವಾಡವೂ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ವರ್ಗದ ಭೂಮಿಯನ್ನು 40 ವರ್ಷಗಳ ಅವಧಿಗೆ ಅದಕ್ಕೆ ಕೊಡುವ ಯೋಜನೆಯಾಯಿತು. ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿನ ಮೊರೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಕುಸನೂರಿನ ಸತ್ಯಾಗ್ರಹ ಲೋಹದ ಕುರಿತಾದದ್ದಲ್ಲ, ಭೂಮಿಯ ಕುರಿತಾದದ್ದು. ಆದರೂ ಅದು ಎತ್ತಿದ ಪ್ರಶ್ನೆ ನಮ್ಮ ವಿಷಯಕ್ಕೂ ಸಲ್ಲುತ್ತದೆ: ಕೈಗಾರಿಕೆಯ ಅಗತ್ಯಕ್ಕಾಗಿ ಊರಿನ ನೆಲದ ಮೇಲೆ ಏನು ಇಡಬೇಕೆಂದು ತೀರ್ಮಾನಿಸುವವರು ಯಾರು? ನದಿಯ ಮಾಲಿನ್ಯ ಕೆಳದಂಡೆಯವರನ್ನು ಮಾತ್ರ ತಟ್ಟುತ್ತದೆ. ಹಾನಗಲ್ಲ, ಸವಣೂರಿನ ವರದಾ ನದಿಗೂ ಹಿರೇಕೆರೂರು ಸೀಮೆಯ ಕುಮುದ್ವತಿಗೂ ತುಂಗಭದ್ರೆಯ ನೀರು ಹಿಂದಕ್ಕೆ ಹರಿದು ಬರುವುದಿಲ್ಲ. ಆದರೆ ಕೆಸರು ಗೊಬ್ಬರದ ರೂಪ ತಾಳಿದರೆ ಅದಕ್ಕೆ ನದಿಯ ದಾರಿ ಬೇಕಿಲ್ಲ. ಲಾರಿಯಲ್ಲಿ ಯಾವ ಕಾರ್ಖಾನೆಯಿಂದ ಯಾವ ಊರಿಗಾದರೂ ಹೋಗಬಲ್ಲದು. ಆದ್ದರಿಂದಲೇ ಅದರ ಲೆಕ್ಕ ಎಲ್ಲರಿಗೂ ತಿಳಿದಿರಬೇಕು.

ಒಂದು ಸರಳ ಲೆಕ್ಕ

ಕಾಂಪೋಸ್ಟ್ ಆಗುವಾಗ ಏನಾಗುತ್ತದೆ? ಸೂಕ್ಷ್ಮಜೀವಿಗಳು ಜೈವಿಕ ವಸ್ತುವಿನ ಇಂಗಾಲವನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಮಾಡಿ ಗಾಳಿಗೆ ಬಿಡುತ್ತವೆ. ಆದ್ದರಿಂದ ರಾಶಿ ಕುಗ್ಗುತ್ತದೆ. ಲೋಹ ಧಾತು. ಯಾವ ಬ್ಯಾಕ್ಟೀರಿಯವೂ ಅದನ್ನು ಒಡೆಯಲಾರದು. ಪಾದರಸವನ್ನು ಬಿಟ್ಟರೆ ಇವು ಗಾಳಿಗೂ ಹಾರುವುದಿಲ್ಲ.

ಉದಾಹರಣೆಗೆ, ಒಣ ತೂಕದಲ್ಲಿ 400 ಕಿಲೋ ಕೆಸರು ತೆಗೆದುಕೊಳ್ಳಿ. ಅದರ ಪ್ರತಿ ಕಿಲೋದಲ್ಲಿ 10 ಮಿಲಿಗ್ರಾಂ ಕ್ಯಾಡ್ಮಿಯಮ್ ಇದೆಯೆನ್ನಿ. ಒಟ್ಟು ಕ್ಯಾಡ್ಮಿಯಮ್ 4 ಗ್ರಾಂ. ಇದಕ್ಕೆ 600 ಕಿಲೋ ಹುಲ್ಲು, ದಂಟು ಬೆರೆಸಿ. ಅವುಗಳಲ್ಲಿ ಕ್ಯಾಡ್ಮಿಯಮ್ ಇಲ್ಲವೆಂದೇ ಇಟ್ಟುಕೊಳ್ಳೋಣ. ಈಗ 1000 ಕಿಲೋ ಮಿಶ್ರಣದಲ್ಲಿ 4 ಗ್ರಾಂ, ಅಂದರೆ ಕಿಲೋಗೆ 4 ಮಿಲಿಗ್ರಾಂ. ಕೊಳೆತ ಮೇಲೆ 600 ಕಿಲೋ ಉಳಿಯಿತು ಎನ್ನೋಣ. ಅದೇ 4 ಗ್ರಾಂ ಈಗ 600 ಕಿಲೋದಲ್ಲಿದೆ: ಕಿಲೋಗೆ ಸುಮಾರು 6.7 ಮಿಲಿಗ್ರಾಂ. ಕಾಂಪೋಸ್ಟ್ ಎಷ್ಟು ಚೆನ್ನಾಗಿ ಕೊಳೆತರೆ ಲೋಹ ಅಷ್ಟು ಸಾಂದ್ರವಾಗುತ್ತದೆ!

ಭಾರತದಲ್ಲಿ 2000ದಲ್ಲಿ ಬಂದ ನಗರ ಘನತ್ಯಾಜ್ಯ ನಿಯಮಗಳು ಕಾಂಪೋಸ್ಟಿಗೆ ಲೋಹದ ಮಿತಿಗಳನ್ನು ನಿಗದಿ ಮಾಡಿದವು. ಅನಂತರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟಿಗೂ ಅವೇ ಮಿತಿಗಳು ಬಂದವು. ಪ್ರತಿ ಕಿಲೋ ಒಣ ತೂಕಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಅವು ಹೀಗಿವೆ: ಆರ್ಸೆನಿಕ್ 10, ಕ್ಯಾಡ್ಮಿಯಮ್ 5, ಕ್ರೋಮಿಯಮ್ 50, ತಾಮ್ರ 300, ಸೀಸ 100, ಪಾದರಸ 0.15, ನಿಕೆಲ್ 50, ಸತು 1000. ನಮ್ಮ ಉದಾಹರಣೆಯ ಮಿಶ್ರಣ ಕೊಳೆಯುವ ಮುಂಚೆ ಮಿತಿಯೊಳಗಿತ್ತು. ಕೊಳೆತ ಮೇಲೆ ಮಿತಿ ಮೀರಿತು. ಈಗ ಅದಕ್ಕೆ 400 ಕಿಲೋ ಮಣ್ಣು ಬೆರೆಸಿದರೆ ಮತ್ತೆ ಕಿಲೋಗೆ 4 ಮಿಲಿಗ್ರಾಂ ಆಗಿ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದರೆ ಹೊಲಕ್ಕೆ ಹೋಗುವುದು ಅದೇ 4 ಗ್ರಾಂ. ಹಾಗಾಗಿ ಸಾಂದ್ರತೆಯೊಂದನ್ನೇ ನೋಡಿದರೆ ಸಾಲದು. ಎಕರೆಗೆ ಒಟ್ಟು ಎಷ್ಟು ಲೋಹ ಹೋಯಿತು ಎಂಬುದನ್ನೂ ನೋಡಬೇಕು.

ಮಿತಿಯೊಳಗಿನ ಕಾಂಪೋಸ್ಟಿನ ಲೆಕ್ಕವನ್ನೂ ಮಾಡೋಣ. ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಮ್ ಇರುವ ಗೊಬ್ಬರವನ್ನು ವರ್ಷಕ್ಕೆ ಹೆಕ್ಟೇರಿಗೆ 5 ಟನ್ ಹಾಕಿದರೆ 25 ಗ್ರಾಂ ಕ್ಯಾಡ್ಮಿಯಮ್ ಸೇರುತ್ತದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 2,000 ಟನ್. ಅಂದರೆ ವರ್ಷಕ್ಕೆ ಕಿಲೋ ಮಣ್ಣಿಗೆ 0.0125 ಮಿಲಿಗ್ರಾಂ, 40 ವರ್ಷಕ್ಕೆ 0.5 ಮಿಲಿಗ್ರಾಂ. ಮಲಿನವಾಗದ ಮಣ್ಣಿನಲ್ಲಿ ಕ್ಯಾಡ್ಮಿಯಮ್ ಸಾಮಾನ್ಯವಾಗಿ ಕಿಲೋಗೆ 1 ಮಿಲಿಗ್ರಾಂಗಿಂತಲೂ ಕಡಿಮೆ ಇರುತ್ತದೆ. ಒಂದು ವರ್ಷದ ಲೆಕ್ಕ ಚಿಕ್ಕದು, ಒಂದು ತಲೆಮಾರಿನ ಲೆಕ್ಕ ಚಿಕ್ಕದಲ್ಲ.

ಸತುವಿನ ವಿಷಯ ಬೇರೆ. ಅದು ಗಿಡಕ್ಕೂ ನಮಗೂ ಬೇಕಾದ ಪೋಷಕಾಂಶ. ಭತ್ತದ 'ಖೈರಾ' ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ವೈ. ಎಲ್. ನೆನೆ 1966ರಲ್ಲಿ ತೋರಿಸಿದರು. ಕೊರತೆಯಿರುವ ಹೊಲಕ್ಕೆ ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್ ಹಾಕುವುದು ವಾಡಿಕೆ. ಅದರಲ್ಲಿ ಸುಮಾರು 5 ಕಿಲೋ ಸತು ಇರುತ್ತದೆ. ಮಿತಿಯ ಮಟ್ಟದ ಸತುವಿರುವ 5 ಟನ್ ಕಾಂಪೋಸ್ಟಿನಲ್ಲೂ ಇರುವುದು 5 ಕಿಲೋ ಸತುವೇ. ಅಂದರೆ ಸತುವಿನ ಕೆಸರು ಹೆಸರಿನಿಂದಲೇ ವಿಷವಲ್ಲ. ಎಷ್ಟು ಬೇಕು, ಎಷ್ಟು ಬಾರಿ ಹಾಕಬೇಕು, ಜೊತೆಗೆ ಕ್ಯಾಡ್ಮಿಯಮ್, ಸೀಸ ಎಷ್ಟಿದೆ ಎಂಬುದನ್ನು ಅಳೆಯದೆ ಹಾಕುವುದು ತಪ್ಪು.

ಕಾಂಪೋಸ್ಟ್ ಮಾಡುವುದರಿಂದ ಪ್ರಯೋಜನವೇ ಇಲ್ಲವೇ?

ಇದೆ, ಆದರೆ ಅದರ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ಲೋಹದ ಒಟ್ಟು ಪ್ರಮಾಣ ಒಂದು, ಗಿಡಕ್ಕೆ ದೊರೆಯುವ ಪ್ರಮಾಣ ಇನ್ನೊಂದು. ಟೆಸಿಯರ್ ಮತ್ತು ಸಂಗಡಿಗರು 1979ರಲ್ಲಿ ಲೋಹವನ್ನು ಹಂತಹಂತವಾಗಿ ಕರಗಿಸಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅದರಂತೆ ಲೋಹ ಐದು ರೂಪಗಳಲ್ಲಿರುತ್ತದೆ: ಸುಲಭವಾಗಿ ವಿನಿಮಯವಾಗುವುದು, ಕಾರ್ಬನೇಟಿಗೆ ಅಂಟಿದ್ದು, ಕಬ್ಬಿಣ-ಮ್ಯಾಂಗನೀಸ್ ಆಕ್ಸೈಡುಗಳಿಗೆ ಅಂಟಿದ್ದು, ಜೈವಿಕ ವಸ್ತುವಿಗೆ ಅಂಟಿದ್ದು, ಖನಿಜದೊಳಗೆ ಸೆರೆಯಾದದ್ದು. ಚೆನ್ನಾಗಿ ಮಾಗಿದ ಕಾಂಪೋಸ್ಟಿನ ಹ್ಯೂಮಿಕ್ ಆಮ್ಲಗಳು ತಾಮ್ರ, ಸೀಸಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಸತು, ಕ್ಯಾಡ್ಮಿಯಮ್‌ಗಳನ್ನು ಅಷ್ಟು ಬಿಗಿಯಾಗಿ ಹಿಡಿಯವು. ಹೆಚ್ಚು ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಮ್ ಜೈವಿಕ ವಸ್ತುವಿನ ಸಂಪರ್ಕದಲ್ಲಿ ಮೂರು ವೇಲೆನ್ಸಿಗೆ ಇಳಿದು ಕಡಿಮೆ ಅಪಾಯಕಾರಿಯಾಗುತ್ತದೆ. ಇವೆಲ್ಲ ನಿಜವಾದ ಲಾಭಗಳು.

ಆದರೆ ಲೋಹವನ್ನು ಹಿಡಿದಿಟ್ಟ ಜೈವಿಕ ವಸ್ತುವೂ ಹೊಲದಲ್ಲಿ ವರ್ಷಗಳ ಮೇಲೆ ಕೊಳೆಯುತ್ತದೆ. ಆಗ ಲೋಹ ಬಿಡುಗಡೆಯಾಗುತ್ತದೆಯೇ, ಇಲ್ಲವೇ ಮಣ್ಣಿನ ಖನಿಜಗಳಿಗೆ ಅಂಟಿ ಉಳಿಯುತ್ತದೆಯೇ ಎಂಬುದು ವಿಜ್ಞಾನಿಗಳಲ್ಲಿ ಬಹುಕಾಲ ಚರ್ಚೆಯ ವಿಷಯ. ಉತ್ತರ ಮಣ್ಣಿನ ಗುಣವನ್ನು ಅವಲಂಬಿಸಿದೆ.

ಎರೆಹುಳು ಬಳಸಿದರೆ ಲೋಹ ಹೋಗುತ್ತದೆ ಎಂಬ ಮಾತೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ರಾಧಾ ಕಾಳೆ ಮುಂತಾದವರ ಶ್ರಮದಿಂದ ಎರೆಗೊಬ್ಬರ ಕರ್ನಾಟಕದಲ್ಲಿ ಮನೆಮಾತಾಗಿದೆ. ಎರೆಹುಳು ಕ್ಯಾಡ್ಮಿಯಮ್‌ನಂಥ ಲೋಹವನ್ನು ತನ್ನ ಮೈಯಲ್ಲಿ ಸಂಗ್ರಹಿಸುವುದು ನಿಜ. ಹುಳುವನ್ನು ಬೇರ್ಪಡಿಸದಿದ್ದರೆ ಆ ಲೋಹ ಗೊಬ್ಬರದಲ್ಲೇ ಉಳಿಯುತ್ತದೆ. ಹುಳುವನ್ನು ಕೋಳಿ ತಿಂದರೆ ಆಹಾರ ಸರಪಣಿಯನ್ನು ಸೇರುತ್ತದೆ. ಲೋಹ ಜಾಗ ಬದಲಿಸಿತೇ ಹೊರತು ಇಲ್ಲವಾಗಲಿಲ್ಲ.

ನಾಲ್ಕು ತಾಲ್ಲೂಕು, ಬೇರೆ ಬೇರೆ ಮಣ್ಣು

ಒಂದೇ ಕಾಂಪೋಸ್ಟ್ ಎಲ್ಲ ಕಡೆ ಒಂದೇ ಪರಿಣಾಮ ಬೀರುವುದಿಲ್ಲ. ಈ ಸೀಮೆ ಮಲೆನಾಡಿನ ಸೆರಗಿನಿಂದ ಬಯಲುಸೀಮೆಯವರೆಗೆ ಹರಡಿದೆ. ಪಶ್ಚಿಮದ ಹಾನಗಲ್ಲ ಕಡೆ ಮಳೆ ಹೆಚ್ಚು, ಕೆಂಪು ಮಣ್ಣು, ಭತ್ತದ ಗದ್ದೆಗಳು. ಪೂರ್ವದ ಸವಣೂರು ಕಡೆ ಮಳೆ ಕಡಿಮೆ, ಎರೆಭೂಮಿ ಹೆಚ್ಚು. ಶಿಗ್ಗಾಂವಿ, ಹಿರೇಕೆರೂರುಗಳಲ್ಲಿ ಎರಡೂ ಬಗೆಯ ಮಣ್ಣುಗಳಿವೆ.

ಎರೆಮಣ್ಣಿನಲ್ಲಿ ಜೇಡಿಯ ಅಂಶವೂ ಸುಣ್ಣವೂ ಹೆಚ್ಚು. ಅದು ಲೋಹದ ಅಯಾನುಗಳನ್ನು ಹಿಡಿದಿಡುತ್ತದೆ. ಮಳೆಯಿಂದ ತೊಳೆದು ಆಮ್ಲೀಯವಾದ ಕೆಂಪು ಮಣ್ಣಿನಲ್ಲಿ ಅವು ಸುಲಭವಾಗಿ ಕರಗುತ್ತವೆ. ಸೈದ್ಧಾಂತಿಕವಾಗಿ ಮಣ್ಣಿನ ಪಿಎಚ್ ಒಂದು ಅಂಕ ಇಳಿದರೆ ಮಣ್ಣಿನ ದ್ರಾವಣದಲ್ಲಿ ಸತುವಿನ ಅಯಾನು ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಭತ್ತದ ಗದ್ದೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರು ನಿಂತಾಗ ಆಮ್ಲಜನಕವಿಲ್ಲದೆ ಸಲ್ಫೈಡ್ ಉಂಟಾಗಿ ಕ್ಯಾಡ್ಮಿಯಮ್ಅನ್ನು ಬಂಧಿಸುತ್ತದೆ; ಕೊಯ್ಲಿಗೆ ಮುಂಚೆ ನೀರು ಬಸಿದಾಗ ಗಾಳಿ ಸೇರಿ ಅದು ಬಿಡುಗಡೆಯಾಗುತ್ತದೆ, ಕಾಳು ತುಂಬುವ ಹೊತ್ತಿಗೇ ಗಿಡಕ್ಕೆ ಸಿಗುತ್ತದೆ. ಬೆಳೆಯೂ ಮುಖ್ಯ: ಸಾಮಾನ್ಯವಾಗಿ ಸೊಪ್ಪು, ಎಲೆಗಳಲ್ಲಿ ಲೋಹ ಹೆಚ್ಚು ಸಂಗ್ರಹವಾಗುತ್ತದೆ, ಗೋವಿನಜೋಳದ ಕಾಳಿನಲ್ಲಿ ಕಡಿಮೆ. ಹೀಗಾಗಿ ಒಂದು ಊರಿನ ಅನುಭವದಿಂದ ಇನ್ನೊಂದು ಊರಿಗೆ ಧೈರ್ಯ ಹೇಳಲಾಗದು.

ಹಾಗಾದರೆ ಕೆಸರನ್ನು ಏನು ಮಾಡಬೇಕು?

ಎಲ್ಲ ಕೈಗಾರಿಕಾ ಕೆಸರೂ ಒಂದೇ ಅಲ್ಲ. ಸಕ್ಕರೆ ಕಾರ್ಖಾನೆಯ ಮಡ್ಡಿ ಕಬ್ಬಿನ ರಸದಿಂದ ಬಂದದ್ದು. ಅದನ್ನು ಕಾಂಪೋಸ್ಟ್ ಮಾಡಿ ಹೊಲಕ್ಕೆ ಹಾಕುವುದು ಸಮಂಜಸ. ಲೋಹ ಲೇಪನದ ಕೆಸರು ಹಾಗಲ್ಲ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ಬಂದು, 2008 ಮತ್ತು 2016ರಲ್ಲಿ ಹೊಸದಾಗಿ ರೂಪುಗೊಂಡ ಅಪಾಯಕಾರಿ ತ್ಯಾಜ್ಯ ನಿಯಮಗಳು ಅಂಥ ಕೆಸರನ್ನು ಪ್ರತ್ಯೇಕವಾಗಿಯೇ ನೋಡುತ್ತವೆ. ಅದು ಸುಭದ್ರ ಭೂಭರ್ತಿಗೆ ಹೋಗಬೇಕು. ಕರ್ನಾಟಕದಲ್ಲಿ ದಾಬಸ್‌ಪೇಟೆಯಲ್ಲಿ ಇಂಥ ವ್ಯವಸ್ಥೆ ರೂಪುಗೊಂಡಿತು. ಕೆಸರಿನಿಂದ ಲೋಹವನ್ನು ಆಮ್ಲದಿಂದಲೋ, ಗಂಧಕ ಮತ್ತು ಕಬ್ಬಿಣವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳಿಂದಲೋ ಕರಗಿಸಿ ತೆಗೆಯಬಹುದು, ಖರ್ಚು ಹೆಚ್ಚು. ಎಲ್ಲಕ್ಕಿಂತ ಅಗ್ಗದ ದಾರಿ ಮೂಲದಲ್ಲೇ ಬೇರ್ಪಡಿಸುವುದು. ಲೋಹವಿರುವ ನೀರು ಉಳಿದ ನೀರಿಗೆ ಬೆರೆಯುವ ಮುಂಚೆ ಅದರಿಂದ ಲೋಹವನ್ನು ಹಿಂಪಡೆದರೆ ಕಾರ್ಖಾನೆಗೂ ಉಳಿತಾಯ, ಉಳಿದ ಕೆಸರೂ ಬಳಕೆಗೆ ಯೋಗ್ಯ.

ಶಿಕ್ಷಕರಿಗೆ ಕೆಲವು ಸಲಹೆಗಳು. ಮೇಲಿನ 4 ಗ್ರಾಂ ಕ್ಯಾಡ್ಮಿಯಮ್ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಬೇರೆ ಬೇರೆ ಸಂಖ್ಯೆಗಳೊಂದಿಗೆ ಮಾಡಿಸಿ. ದ್ರವ್ಯರಾಶಿ ಸಂರಕ್ಷಣೆಯ ನಿಯಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ಊರಿನ ಕೆಂಪು ಮಣ್ಣು, ಎರೆಮಣ್ಣುಗಳನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಕಲಕಿ ಪಿಎಚ್ ಕಾಗದದಿಂದ ಅಳೆದು ಹೋಲಿಸಿ. ಹುರುಳಿ ಅಥವಾ ಹೆಸರಿನ ಗಿಡವನ್ನು ಮೆಲ್ಲಗೆ ಕಿತ್ತು ಬೇರುಗಂಟುಗಳನ್ನು ಎಣಿಸಿ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ರೈಜೋಬಿಯಮ್ ಕೆಲಸ ಮಾಡುತ್ತಿದೆ ಎಂದರ್ಥ. ಭಾರಲೋಹಗಳನ್ನು ಮಾತ್ರ ಶಾಲೆಯಲ್ಲಿ ಅಳೆಯಲಾಗದು. ಅದಕ್ಕೆ ಪರಮಾಣು ಅವಶೋಷಣ ರೋಹಿತಮಾಪಕವಿರುವ ಪ್ರಯೋಗಾಲಯವೇ ಬೇಕು.

ಅಗ್ಗದ ದರದಲ್ಲಿ ಗೊಬ್ಬರ ಊರಿಗೆ ಬಂದಾಗ ವಿದ್ಯಾರ್ಥಿಗಳು ತಮ್ಮ ಮನೆಯವರಿಗೆ ಮೂರು ಪ್ರಶ್ನೆ ಕೇಳಲು ಹೇಳಬಹುದು: ಇದು ಯಾವ ವಸ್ತುವಿನಿಂದ ತಯಾರಾಯಿತು? ಲೋಹಗಳ ಪರೀಕ್ಷಾ ವರದಿ ಇದೆಯೇ? ಎಕರೆಗೆ ಎಷ್ಟು, ಎಷ್ಟು ವರ್ಷ ಹಾಕಬಹುದು? ಬಣ್ಣ, ವಾಸನೆ, ಪುಡಿಯ ಹದಗಳಿಂದ ಗೊಬ್ಬರ ಮಾಗಿದೆಯೇ ಎಂದು ನಮ್ಮ ರೈತರು ನಿಖರವಾಗಿ ಹೇಳಬಲ್ಲರು. ಅದರಲ್ಲಿ ಲೋಹ ಎಷ್ಟಿದೆ ಎಂಬುದಕ್ಕೆ ಬರೆದ ಲೆಕ್ಕವೇ ಬೇಕು. ಆ ಲೆಕ್ಕ ತೋರಿಸದವರ ಗೊಬ್ಬರವನ್ನು ಹೊಲಕ್ಕೆ ಹಾಕದಿರುವುದೇ ಸರಿ.